ನನ್ನ ಅಡ್ಡಹೆಸರಿನ ತಕರಾರು

ನನ್ನ ಕೆಲಸ ಹೋದದ್ದು ಒಂದು ಮಂಗಳವಾರ ಬೆಳಿಗ್ಗೆ, ಹನ್ನೆರಡು ನಿಮಿಷದ ವೀಡಿಯೊ ಕಾಲ್‌ನಲ್ಲಿ. ಅದಕ್ಕೆ ಬರಬೇಕೆಂದು ಕಳಿಸಿದ್ದ ಮೇಲ್‌ನಲ್ಲಿ ‘ಇಂಪಾರ್ಟೆಂಟ್’ ಅನ್ನುವ ಪದದ ಒಂದು ಅಕ್ಷರ ಬಿಟ್ಟುಹೋಗಿತ್ತು. ಮಾರುಕಟ್ಟೆ ಸರಿಯಿಲ್ಲ, ಈ ಟೀಮನ್ನೇ ಮುಚ್ಚುತ್ತಿದ್ದೇವೆ ಎಂದು ಮೇಲಿನವರು ಗಂಭೀರವಾಗಿ ಓದಿ ಹೇಳುತ್ತಿದ್ದಾಗ ನನ್ನ ಕಣ್ಣು ಆ ಬಿಟ್ಟುಹೋದ ಅಕ್ಷರದ ಮೇಲೇ ಇತ್ತು. ಕೊನೆಗೆ, ಯಾರಿಗಾದರೂ ಏನಾದರೂ ಕೇಳುವುದಿದೆಯೇ ಅಂದರು. ಒಬ್ಬಳು ಅಳುತ್ತಿದ್ದಳು. ಒಬ್ಬ, ಲ್ಯಾಪ್‌ಟಾಪನ್ನು ಯಾವಾಗ ವಾಪಸ್ ಕೊಡಬೇಕು ಎಂದು ಕೇಳಿದ. ನಾನು, ಮೇಲ್‌ನಲ್ಲಿ ಸ್ಪೆಲಿಂಗ್ ತಪ್ಪಿದೆ ಎಂದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಆದರೆ ನಾನು ಇರುವುದೇ ಹಾಗೆ.

ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ, ಇಂಥ ಕಡೆ ಇಂಥ ತಪ್ಪಿದೆ ಎಂದು ಬರೆದುಕೊಡುವುದು ನನ್ನ ಕಸುಬು. ಸಂಬಳ ಕೊಟ್ಟು ಕೊಂಕು ತೆಗೆಸಿಕೊಳ್ಳುವ ಕೆಲಸವೊಂದು ಲೋಕದಲ್ಲಿದೆ ಎಂದು ಕಾಲೇಜಿನ ಕೊನೆಯ ವರ್ಷ ಗೊತ್ತಾದಾಗ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಯಾಕೆಂದರೆ ಅಲ್ಲಿಯವರೆಗೆ ನಾನು ಅದನ್ನು ಬಿಟ್ಟಿಯಾಗಿ ಮಾಡಿಕೊಂಡು ಎಲ್ಲರಿಂದಲೂ ಬೈಸಿಕೊಳ್ಳುತ್ತಿದ್ದೆ. ಆರು ವರ್ಷದವಳಿದ್ದಾಗಲೇ ಉಪ್ಪಿಟ್ಟಿನಲ್ಲಿ ಸಿಡಿದ ಸಾಸಿವೆ ಎಷ್ಟು, ಸಿಡಿಯದ ಸಾಸಿವೆ ಎಷ್ಟು ಎಂದು ಬೇರೆ ಮಾಡಿ ತಟ್ಟೆಯ ಅಂಚಿಗೆ ಇಡುತ್ತಿದ್ದೆನಂತೆ. ಚಿಕ್ಕಮ್ಮನ ಮದುವೆಯ ಆಹ್ವಾನಪತ್ರಿಕೆ ಅಚ್ಚಾಗಿ, ಅರಿಶಿನ ಹಚ್ಚಿ, ಅರ್ಧ ಊರಿಗೆ ಹಂಚಿದ ಮೇಲೆ ಮುಹೂರ್ತದ ವಾರಕ್ಕೂ ತಾರೀಖಿಗೂ ಹೊಂದುವುದಿಲ್ಲ ಎಂದು ಕಂಡುಹಿಡಿದವಳೂ ನಾನೇ. ಆವತ್ತು ಮನೆಯಲ್ಲಿ ಯಾರೂ ನನ್ನನ್ನು ಮೆಚ್ಚಿಕೊಳ್ಳಲಿಲ್ಲ.

ಅಪ್ಪ ಮೈಸೂರು ಸೀಮೆಯ ಒಂದು ತಾಲ್ಲೂಕು ಕಚೇರಿಯಲ್ಲಿ ಕೇಸ್ ವರ್ಕರ್. ಜಮೀನಿನ ಖಾತೆ ಬದಲಾಗುವಾಗ ಅದಕ್ಕೆ ಯಾರಾದರೂ ಒಪ್ಪದಿದ್ದರೆ ಸಲ್ಲಿಸುವ ತಕರಾರು ಅರ್ಜಿಗಳೆಲ್ಲ ಅವರ ಮೇಜಿಗೇ ಬರುತ್ತವೆ. ಇಡೀ ದಿನ ಆಫೀಸಿನಲ್ಲಿ ಆ ಪದ ಕೇಳಿಸಿಕೊಂಡು ಮನೆಗೆ ಬಂದರೆ ಅವರು ಚಪ್ಪಲಿ ಬಿಟ್ಟ ಜಾಗ ಸರಿಯಿಲ್ಲ ಎಂದು ನಾನು ಬಾಗಿಲಲ್ಲೇ ಶುರುಮಾಡುತ್ತಿದ್ದೆ. “ಬಂದಳಪ್ಪಾ ತಕರಾರು!” ಎಂದು ಅಪ್ಪ ಒಂದು ದಿನ ತಲೆ ಚಚ್ಚಿಕೊಂಡರು. ಅವತ್ತಿನಿಂದ ಮನೆಯಲ್ಲಿ ನನ್ನ ಹೆಸರು ತಕರಾರು. ಹಾಸ್ಟೆಲ್ಲಿಗೆ ಅಪ್ಪ ಫೋನ್ ಮಾಡಿ ಅಭ್ಯಾಸಬಲದಿಂದ “ತಕರಾರು ಇದ್ದಾಳಾ?” ಎಂದು ಕೇಳಿದ್ದರಿಂದ ಕಾಲೇಜಿನಲ್ಲೂ ಅದೇ ಆಯಿತು. ನಿಜವಾದ ಹೆಸರು ಇಲ್ಲಿ ಬೇಡ. ಈ ಕಥೆಯಲ್ಲಿ ಅದಕ್ಕೆ ಹೆಚ್ಚು ಕೆಲಸವಿಲ್ಲ.

ಪುಣೆಯಲ್ಲಿ ನಾನು ಯೆರವಡಾದ ಒಂದು ಮೂರನೇ ಮಹಡಿಯ ಕೋಣೆಯಲ್ಲಿದ್ದೆ. ಕೆಲಸ ಹೋದ ಮರುದಿನವೇ ಕುಕ್ಕರಿನ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅರ್ಜಿ ಹಾಕಲು ಶುರುಮಾಡಿದೆ. ಒಂದು ತಿಂಗಳಾಯಿತು, ಎರಡಾಯಿತು. ಕೆಲವು ಕಂಪನಿಗಳು ಟೆಸ್ಟಿಂಗನ್ನು ಈಗ ಯಂತ್ರವೇ ಮಾಡುತ್ತದೆ ಅಂದವು. ಕೆಲವು ಏನೂ ಅನ್ನಲಿಲ್ಲ. ಒಂದು ಕಂಪನಿಯವರು ನಾಲ್ಕು ಸುತ್ತು ಸಂದರ್ಶನ ಮಾಡಿ, ಐದನೆಯದಕ್ಕೆ ಬನ್ನಿ ಎಂದು ಹೇಳಿ, ಆಮೇಲೆ ಆ ಹುದ್ದೆಯೇ ಇಲ್ಲ ಎಂದು ಬರೆದರು. ನಾನು ಆ ಪತ್ರದ ವ್ಯಾಕರಣ ತಿದ್ದಿ ಇಟ್ಟುಕೊಂಡೆ.

ಇದರ ಮೇಲೆ ಹೆಸರಿನ ಕಾಟ ಬೇರೆ. ನಮ್ಮ ಕಡೆ ಹೆಸರಿನ ಜೊತೆಗೆ ಅಪ್ಪನ ಹೆಸರಿನ ಮೊದಲ ಅಕ್ಷರ ಒಂದಿದ್ದರೆ ಮುಗಿಯಿತು. ಶಾಲೆಯ ಅಂಕಪಟ್ಟಿಯಿಂದ ಹಿಡಿದು ಆಧಾರ್‌ವರೆಗೆ ನನಗಿರುವುದು ಒಂದು ಹೆಸರು, ಒಂದು ಅಕ್ಷರ. ಆದರೆ ಈ ಅರ್ಜಿಗಳಲ್ಲಿ ‘ಕೊನೆಯ ಹೆಸರು’ ಎಂಬ ಒಂದು ಖಾನೆ ಇರುತ್ತದೆ. ಅದಕ್ಕೆ ಒಂದೇ ಅಕ್ಷರ ಕೊಟ್ಟರೆ ಕೆಂಪಗೆ ಉರಿದು, ಕನಿಷ್ಠ ಎರಡಾದರೂ ಬೇಕು ಎನ್ನುತ್ತದೆ. ಒಂದು ಕಡೆ ಅದೇ ಅಕ್ಷರವನ್ನು ಎರಡು ಸಲ ಒತ್ತಿದೆ. ಇನ್ನೊಂದು ಕಡೆ ಅಪ್ಪನ ಪೂರ್ತಿ ಹೆಸರು ಹಾಕಿದೆ. ಮತ್ತೊಂದು ಕಡೆ ಕೋಪ ಬಂದು ನನ್ನ ಹೆಸರನ್ನೇ ಎರಡು ಸಲ ಬರೆದೆ. ಇದನ್ನು ಅಪ್ಪನಿಗೆ ಹೇಳಿದ್ದೇ ತಪ್ಪಾಯಿತು. ದಾಖಲೆಯಲ್ಲಿ ಹೆಸರು ಅಕ್ಷರಕ್ಕಕ್ಷರ ಸರಿಯಿರಬೇಕು ಎನ್ನುವುದು ಅವರ ಧರ್ಮ. ನನ್ನ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಒಂದು ದೀರ್ಘ ಬಿಟ್ಟುಹೋಗಿತ್ತೆಂದು ರಜೆ ಹಾಕಿ ಬೆಂಗಳೂರಿಗೆ ಮೂರು ಸಲ ಓಡಾಡಿ ಅದನ್ನು ಹಾಕಿಸಿಕೊಂಡು ಬಂದ ಮನುಷ್ಯ ಅವರು.

“ನೀನು ದೀಪಾವಳಿವರೆಗೆ ನೋಡಮ್ಮ. ಆಗ್ಲಿಲ್ಲ ಅಂದ್ರೆ ಬಂದ್ಬಿಡು. ಇಲ್ಲಿ ಶಾಲೇಲಿ ಕಂಪ್ಯೂಟರ್ ಮೇಡಂ ಬೇಕಂತೆ, ನಾನು ಮಾತಾಡಿದ್ದೀನಿ” ಅಂದರು ಅಪ್ಪ. ನಾನು ಒಪ್ಪಿಕೊಂಡೆ. ಶಾಲೆಯ ಕೆಲಸ ಕೆಟ್ಟದ್ದೇನಲ್ಲ. ಆದರೆ ಮಕ್ಕಳಿಗೆ ಪೇಂಟಿನಲ್ಲಿ ಮನೆ ಬಿಡಿಸುವುದನ್ನು ಹೇಳಿಕೊಟ್ಟುಕೊಂಡು, ಅವು ಬಿಡಿಸಿದ ಮನೆಗೆಲ್ಲ ‘ತುಂಬಾ ಚೆನ್ನಾಗಿದೆ’ ಅನ್ನುತ್ತಾ ಇರಬೇಕು. ನನಗೆ ಗೊತ್ತಿದ್ದದ್ದು ತಪ್ಪು ಹುಡುಕುವುದೊಂದೇ. ಅದನ್ನು ಬಿಟ್ಟು ಬದುಕಲು ನನಗೆ ಇಷ್ಟವಿರಲಿಲ್ಲ.

ನಮ್ಮ ಕೋಣೆಯ ಹಿಂದಿನ ಓಣಿಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ಹೆಂಗಸೊಬ್ಬರಿದ್ದರು. ಯಾದಗಿರಿ ಕಡೆಯವರು. ಗಂಡ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದು ಈಗ ಗೌಂಡಿ ಮೇಸ್ತ್ರಿಯಾಗಿದ್ದಾರೆ. ಮಗಳು ಅವರ ಮನೆತನದಲ್ಲೇ ಮೊದಲು ಆಫೀಸಿನ ಮೆಟ್ಟಿಲು ಹತ್ತಿದವಳು, ಹಿಂಜವಾಡಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಹಾಜರಿ ಮತ್ತು ರಜೆಗಳನ್ನು ನೋಡಿಕೊಳ್ಳುತ್ತಾಳೆ. ಆ ತಾಯಿಯನ್ನು ನಾನು ಅಕ್ಕಾ ಎಂದು ಕರೆಯುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ರೊಟ್ಟಿಯಕ್ಕ. ಮೊದಲ ದಿನವೇ ಅವರ ರೊಟ್ಟಿ ಒಂದು ಕಡೆ ದಪ್ಪ ಎಂದು ನಾನು ಹೇಳಿದ್ದೆ. ಅವರು ಸಿಟ್ಟಾಗದೆ ಆ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, “ಖರೇನ ಅದ ನೋಡವ್ವ” ಎಂದು ಮಡಚಿ ತಮ್ಮ ಬುಟ್ಟಿಗೆ ಹಾಕಿಕೊಂಡು ನನಗೆ ಬೇರೆ ಕೊಟ್ಟಿದ್ದರು. ಅವತ್ತೇ ನಮ್ಮ ಸ್ನೇಹ ಗಟ್ಟಿಯಾಯಿತು.

ಒಂದು ಮಧ್ಯಾಹ್ನ ರೊಟ್ಟಿಗೆ ಹೋದಾಗ ಅವರು ಕೇಳಿಯೇಬಿಟ್ಟರು. “ಏನ್ ತಂಗಿ, ಹಗಲೆಲ್ಲಾ ಮನ್ಯಾಗ ಇರ್ತಿ? ಸೂಟಿ ಅದ ಏನು?”

ಸೂಟಿ ಅಂದರೆ ರಜೆ ಎಂದು ನನಗೆ ಅಷ್ಟರಲ್ಲಾಗಲೇ ಗೊತ್ತಾಗಿತ್ತು. “ರಜೆ ಅಲ್ಲ ಅಕ್ಕಾ. ಕೆಲಸ ಹೋಯ್ತು” ಅಂದೆ.

“ಹೋತಾ? ಹೋಗ್ಲಿ ಬಿಡು. ಕೈಕಾಲು ಹೋಗಿಲ್ಲಲ್ಲ. ನಮ್ಮ ಮಗಳ ಕಂಪನ್ಯಾಗ ಕೇಳ್ತೀನಿ ತಡಿ” ಎಂದು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಮಗಳಿಗೆ ಫೋನ್ ಹಚ್ಚಿದರು. ಅದೃಷ್ಟಕ್ಕೆ ಆ ಕಂಪನಿಯಲ್ಲಿ ಟೆಸ್ಟರ್‌ಗಳನ್ನು ತೆಗೆದುಕೊಳ್ಳುತ್ತಿದ್ದರು. ಅರ್ಜಿ ಹಾಕಲು ಅವತ್ತೇ ಕೊನೆಯ ದಿನ. ಒಳಗಿನವರು ರೆಫರಲ್ ಅಂತ ಯಾರದಾದರೂ ಹೆಸರು ಸೂಚಿಸಿದರೆ ಅಂಥ ಅರ್ಜಿಯನ್ನು ಯಾರಾದರೂ ಒಬ್ಬರು ತೆರೆದು ನೋಡುತ್ತಾರೆ ಎಂದಳು ಮಗಳು. ಆ ನಾಲ್ಕು ಸುತ್ತಿನ ಕಂಪನಿಯೊಂದನ್ನು ಬಿಟ್ಟರೆ ಎರಡು ತಿಂಗಳಿಂದ ನನ್ನ ಅರ್ಜಿಯನ್ನು ಯಾರೂ ತೆರೆದು ನೋಡಿದಂತಿರಲಿಲ್ಲ.

ಫೋನಿನ ಆ ತುದಿಯಲ್ಲಿ ಮಗಳು, ಈ ತುದಿಯಲ್ಲಿ ನಾನು, ನಡುವೆ ರೊಟ್ಟಿಯಕ್ಕ. ಅವರು ಫೋನನ್ನು ನನ್ನ ಕೈಗೆ ಕೊಡಲಿಲ್ಲ. ಮಗಳು ಕೇಳಿದ್ದನ್ನು ನನಗೆ ಹೇಳುವುದು, ನಾನು ಹೇಳಿದ್ದನ್ನು ಮಗಳಿಗೆ ಮುಟ್ಟಿಸುವುದು, ಹೀಗೆ ನಡೆಯಿತು. ಹೆಸರು ಆಯಿತು. ಎಷ್ಟು ವರ್ಷ ಕೆಲಸ ಮಾಡಿದ್ದೀ ಎನ್ನುವುದಾಯಿತು. ಆಮೇಲೆ ರೊಟ್ಟಿಯಕ್ಕ ಕೇಳಿದರು. “ನಿನ್ನ ಅಡ್ಡಹೆಸರು ಏನಂತ?”

ನನಗೆ ನಗು ಬಂತು. ನಮ್ಮ ಕಡೆ ಅಡ್ಡಹೆಸರು ಅಂದರೆ ಮನೆಯವರೋ ಗೆಳೆಯರೋ ಚುಡಾಯಿಸಲು ಇಟ್ಟ ಹೆಸರು. ಕಂಪನಿಯವರಿಗೆ ಇದೆಲ್ಲ ಯಾಕಪ್ಪಾ ಎಂದುಕೊಂಡೆ. ಆದರೆ ಈಗೀಗ ಅರ್ಜಿಗಳಲ್ಲಿ ಏನೇನೋ ಕೇಳುತ್ತಾರೆ, ನಿಮ್ಮನ್ನು ನಾವು ಏನೆಂದು ಕರೆಯಬೇಕು ಎಂದೂ ಒಂದು ಖಾನೆ ಇಟ್ಟಿರುತ್ತಾರೆ. ಇದೂ ಅದೇ ಇರಬೇಕು.

“ತಕರಾರು” ಅಂದೆ, ಸ್ವಲ್ಪ ನಾಚಿಕೊಂಡು.

ರೊಟ್ಟಿಯಕ್ಕ ಕಣ್ಣು ಮಿಟುಕಿಸಲಿಲ್ಲ. “ತಕರಾರು ಅಂತ ಬರ್ಕೊ” ಎಂದರು ಮಗಳಿಗೆ. ಮಗಳೂ ಏನೂ ಕೇಳಲಿಲ್ಲ. ಬರೆದುಕೊಂಡಳು.

ಮೂರನೆಯ ದಿನ ಫೋನ್ ಬಂತು. ಒಬ್ಬ ಹುಡುಗಿ ಇಂಗ್ಲಿಷಿನಲ್ಲಿ, “ನಾನು ಮಿಸ್ ತಕ್ರಾರ್ ಅವರ ಜೊತೆ ಮಾತಾಡುತ್ತಿದ್ದೇನೆಯೇ?” ಎಂದು ಕೇಳಿದಳು. ನಾನು ಒಂದು ಗಳಿಗೆ ಯಾರೋ ಕಾಲೇಜಿನವರು ಆಟವಾಡಿಸುತ್ತಿದ್ದಾರೆ ಎಂದೇ ತಿಳಿದೆ. ಅವಳು ಸಂದರ್ಶನದ ದಿನ, ಸಮಯ ಎಲ್ಲ ಹೇಳಿ ಮೇಲ್ ಕಳಿಸಿದಳು. ಅದರಲ್ಲೂ ಹಾಗೇ ಇತ್ತು. ಮೊದಲ ಹೆಸರು ನನ್ನದು, ಕೊನೆಯ ಹೆಸರು ತಕರಾರು. ಇಂಗ್ಲಿಷಿನಲ್ಲಿ ಸ್ಪೆಲಿಂಗ್ ಮಾತ್ರ ಒಂದಿಷ್ಟೂ ತಪ್ಪಿರಲಿಲ್ಲ.

ಓಡಿಹೋಗಿ ರೊಟ್ಟಿಯಕ್ಕನ ಮುಂದೆ ಕುಳಿತೆ. ಅವತ್ತು ಮಗಳೂ ಮನೆಯಲ್ಲಿದ್ದಳು. “ಅಡ್ಡಹೆಸರು ಅಂದ್ರೆ ನಿಮ್ಮಲ್ಲಿ ಏನು?” ಎಂದು ಕೇಳಿದೆ.

“ಅಡ್ಡಹೆಸರು ಅಂದ್ರ ಅಡ್ಡಹೆಸರು” ಎಂದರು ರೊಟ್ಟಿಯಕ್ಕ. “ಮನಿತನದ ಹೆಸರು. ಇಲ್ಲಿ ಮರಾಠ್ಯಾಗ ಆಡನಾವ್ ಅಂತಾರಲ್ಲ, ಅದ. ಯಾಕ, ನಿಮ್ಮ ಕಡಿ ಏನಂತಾರ?”

ನಮ್ಮ ಕಡೆ ಏನಂತಾರೆ ಎಂದು ಹೇಳಿದೆ. ಅಪ್ಪ, ತಾಲ್ಲೂಕು ಕಚೇರಿ, ಚಪ್ಪಲಿ ಎಲ್ಲ ಹೇಳಿದೆ. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. ರೊಟ್ಟಿಯಕ್ಕನಿಗೆ ಮಾತ್ರ ನಗು ಬರಲಿಲ್ಲ, ಆಶ್ಚರ್ಯವಾಯಿತು. “ಅಂದ್ರ ನಿಮ್ಮ ಕಡಿ ಮಂದಿಗಿ ಮನಿತನದ ಹೆಸರಽ ಇಲ್ಲ? ಯಾವ ಮನ್ಯಾಂವ ಅಂತ ಹ್ಯಾಂಗ ಗೊತ್ತಾಗ್ತದ?” ಎಂದು ಅವರು ಮರುಗಿದರು. ನಾನು, ಊರೆಲ್ಲ ಗೊತ್ತಿರುತ್ತೆ ಬಿಡಿ ಅಂದೆ. ಅದಿರಲಿ, ತಕರಾರು ಎಂಬ ಮನೆತನ ಇರುವುದಿಲ್ಲ ಎಂದು ನಿಮಗಾದರೂ ಅನ್ನಿಸಲಿಲ್ಲವೇ ಎಂದು ಮಗಳನ್ನು ಕೇಳಿದೆ.

“ಏನ್ ಅನ್ಸತದ್ರಿ ಅಕ್ಕಾ? ನಮ್ಮ ಕಡಿ ಮೆಣಸಿನಕಾಯಿ ಅಂತ ಅಡ್ಡಹೆಸರು ಅದ, ಉಳ್ಳಾಗಡ್ಡಿ ಅಂತ ಅದ, ಮಜ್ಜಿಗಿ ಅಂತ ಅದ. ತಕರಾರು ಇದ್ರ ಏನಾತು ಅಂದ್ಕೊಂಡೆ” ಎಂದಳು.

ತಿದ್ದಿಬಿಡೋಣ ಎಂದರೆ ಅದೂ ಸಾಧ್ಯವಿರಲಿಲ್ಲ. ಒಂದು ಸಲ ಹಾಕಿದ ಹೆಸರನ್ನು ಬದಲಿಸಲು ಅವರ ಕಂಪ್ಯೂಟರಿನಲ್ಲಿ ಅವಕಾಶವೇ ಇಲ್ಲವಂತೆ. ಅಳಿಸಿ ಹೊಸದಾಗಿ ಹಾಕಬೇಕು. ಹೊಸ ಅರ್ಜಿ ತೆಗೆದುಕೊಳ್ಳುವುದು ನಿಂತುಹೋಗಿದೆ. “ಅಳಿಸಿದ್ರ ನಿಮ್ಮ ಪಾಳಿ ಹೋಗ್ತದ್ರಿ” ಎಂದಳು ಮಗಳು. ರೊಟ್ಟಿಯಕ್ಕ ತೀರ್ಪು ಕೊಟ್ಟರು. “ಗಪ್ಪ ಹೋಗಿ ಬಾ. ಕೆಲ್ಸ ಸಿಗೂತನಾ ನೀ ತಕರಾರು ಮನಿತನದಾಕಿ. ಆಮ್ಯಾಗ ಹೇಳಿದ್ರಾತು.”

ರಾತ್ರಿ ಅಪ್ಪನಿಗೆ ಹೇಳಿದೆ. ಅವರು ನಗುತ್ತಾರೆ ಅಂದುಕೊಂಡಿದ್ದೆ. ಅಪ್ಪ ಗಾಬರಿಯಾದರು. “ಸುಳ್ಳು ಹೆಸರಲ್ಲಿ ಹೋಗ್ತೀಯಾ? ಬೇಡ ಕಣಮ್ಮ. ಮೊದ್ಲು ತಿದ್ದುಪಡಿಗೆ ಬರ್ಕೊಡು. ನಾಳೆ ನೀನು ನೀನೇ ಅಲ್ಲ ಅಂತ ಅಂದ್ರೆ ಏನ್ಮಾಡ್ತೀಯಾ?” ಅಂದರು. ತಿದ್ದಿಸಿದರೆ ಅವಕಾಶ ಹೋಗುತ್ತದೆ, ಸುಮ್ಮನಿದ್ದರೆ ಸುಳ್ಳಾಗುತ್ತದೆ. ದೀಪಾವಳಿಗೆ ಇದ್ದದ್ದು ಇನ್ನು ಮೂರು ವಾರ.

ಸಂದರ್ಶನದ ದಿನ ಎರಡು ಬಸ್ಸು ಬದಲಿಸಿ, ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ ಕೊನೆಯ ಒಂದು ಮೈಲಿಯನ್ನು ನಡೆದೇ ಹೋದೆ. ಬಸ್ಸಿಗಿಂತ ನಾನೇ ಮೊದಲು ಮುಟ್ಟಿದೆ. ಗೇಟಿನಲ್ಲಿ ದೊಡ್ಡ ಮೀಸೆಯ ಸೆಕ್ಯುರಿಟಿಯವರು ಕುಳಿತಿದ್ದರು. ನನ್ನ ಪಾಸು ತಕರಾರು ಹೆಸರಿನಲ್ಲಿದೆ ಎಂದು ಗೊತ್ತಿದ್ದರಿಂದ, ಅವರು ಹೆಸರು ಕೇಳಿದ ಕೂಡಲೇ, “ತಕ್ರಾರ್” ಅಂದೆ.

“ಕಾಯ್ ತಕ್ರಾರ್ ಆಹೆ?” ಎಂದರು. ಮರಾಠಿಯಲ್ಲಿ ಆ ಪದಕ್ಕೆ ದೂರು ಎಂದು ಅರ್ಥ. ಏನಮ್ಮಾ ನಿನ್ನ ದೂರು ಎಂದು ಅವರು ಕೇಳುತ್ತಿದ್ದರು.

“ಮೀ ತಕ್ರಾರ್” ಎಂದು ಎದೆ ಮುಟ್ಟಿಕೊಂಡು ಹೇಳಿದೆ. ನಾನೇ ದೂರು.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಇಂಥವರನ್ನು ಬಹಳ ಕಂಡಿದ್ದೇನೆ ಎನ್ನುವ ಹಾಗೆ ನಿಟ್ಟುಸಿರುಬಿಟ್ಟು, ಡ್ರಾಯರಿನಿಂದ ಒಂದು ಉದ್ದನೆಯ ರಿಜಿಸ್ಟರ್ ತೆಗೆದು, ದಾರಕ್ಕೆ ಕಟ್ಟಿದ ಪೆನ್ನಿನ ಸಮೇತ ನನ್ನ ಮುಂದೆ ತಳ್ಳಿದರು. “ಹೇ ಘ್ಯಾ. ಲಿಹಾ.” ತಗೋ, ಬರಿ.

ಅದು ಆ ಕಟ್ಟಡದ ದೂರಿನ ಪುಸ್ತಕ. ಸಂದರ್ಶನಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ಬೇರೆ ಯಾರಾದರೂ ಆಗಿದ್ದರೆ ಮೊದಲು ವಿಷಯ ಬಿಡಿಸಿ ಹೇಳುತ್ತಿದ್ದರು. ನಾನು ಓದತೊಡಗಿದೆ. ಎರಡನೇ ಮಹಡಿಯ ನಲ್ಲಿ ಸೋರುತ್ತಿದೆ. ಲಿಫ್ಟಿನ ಕನ್ನಡಿಯಲ್ಲಿ ಎಲ್ಲರೂ ದಪ್ಪಗೆ ಕಾಣುತ್ತಾರೆ. ಕ್ಯಾಂಟೀನಿನ ಅವಲಕ್ಕಿಯಲ್ಲಿ ಸೇಂಗಾ ಕಡಿಮೆಯಾಗಿದೆ. ನನಗೆ ಊರಿಗೆ ಬಂದಷ್ಟು ಹಿತವಾಯಿತು. ಪುಟ ತಿರುವುತ್ತಾ ಹೋದಾಗ ಕ್ರಮಸಂಖ್ಯೆ ಹದಿನಾಲ್ಕು ಎರಡು ಸಲ ಬಂದಿರುವುದು ಕಂಡಿತು. ಕೈ ಸುಮ್ಮನಿರಲಿಲ್ಲ. ಕೊನೆಯ ಸಾಲಿನಲ್ಲಿ ಅದನ್ನು ಬರೆದು ಸಹಿ ಹಾಕಿದೆ. ಅಷ್ಟರಲ್ಲಿ ರೊಟ್ಟಿಯಕ್ಕನ ಮಗಳು ನನ್ನನ್ನು ಕರೆದೊಯ್ಯಲು ಕೆಳಗಿಳಿದು ಬಂದು, ನಾನು ಮಾಡುತ್ತಿದ್ದುದನ್ನು ನೋಡಿ, ಹಣೆ ಗಟ್ಟಿಸಿಕೊಂಡಳು.

ಸಂದರ್ಶನಕ್ಕೆ ಇಬ್ಬರಿದ್ದರು. ಟೆಸ್ಟಿಂಗ್ ವಿಭಾಗದ ಮುಖ್ಯಸ್ಥೆ, ಐವತ್ತರ ಆಸುಪಾಸಿನ ಮರಾಠಿ ಹೆಂಗಸು, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮೇಜಿನ ಮೇಲೆ ಹುಡುಕುತ್ತಿದ್ದರು. ಪಕ್ಕದಲ್ಲಿ ಇಸ್ತ್ರಿ ಅಂಗಿಯ ಒಬ್ಬ ಎಚ್‌ಆರ್ ಯುವಕ. ಮೇಡಂ ನನ್ನನ್ನು ನೋಡಿ ಬಾಯಿ ತುಂಬ ನಕ್ಕರು. “ಬನ್ನಿ ತಕ್ರಾರ್. ರಾಶಿ ಅರ್ಜಿ ಬಂದಿದ್ದವು. ನನಗೆ ನಿದ್ದೆ ಬರುತ್ತಿತ್ತು. ಟೆಸ್ಟರ್ ಹುದ್ದೆಗೆ ತಕ್ರಾರ್ ಎಂಬ ಹೆಸರು ನೋಡಿ ಎಚ್ಚರವಾಯಿತು. ಇಂಥ ಅಡ್ಡಹೆಸರು ಎಲ್ಲಿಂದ ಬಂತು ಹೇಳಿ, ಅಲ್ಲಿಂದ ಶುರುಮಾಡೋಣ” ಎಂದರು ಇಂಗ್ಲಿಷಿನಲ್ಲಿ.

ಕಿವಿಯಲ್ಲಿ ರೊಟ್ಟಿಯಕ್ಕ ಗಪ್ಪ ಇರು ಅನ್ನುತ್ತಿದ್ದರು, ಅಪ್ಪ ತಿದ್ದುಪಡಿಗೆ ಬರೆದುಕೊಡು ಅನ್ನುತ್ತಿದ್ದರು. ಮೇಡಂ ಖುಷಿಯಾಗಿದ್ದಾರೆ, ಒಂದು ಕಥೆ ಕಟ್ಟಿ ಹೇಳಿದರೆ ಮುಗಿಯಿತು. ಮೂರು ವಾರದಲ್ಲಿ ದೀಪಾವಳಿ. ನಾನು ಬಾಯಿ ತೆರೆದೆ. ತೆರೆದರೆ ಬಂದದ್ದು, “ಮೇಡಂ, ಅದು ತಪ್ಪು. ಅದು ನನ್ನ ಹೆಸರಲ್ಲ.”

ಯುವಕ ತಲೆಯೆತ್ತಿದ. ನಾನು ಎಲ್ಲವನ್ನೂ ಹೇಳಿದೆ. ಒಂದೇ ಪದಕ್ಕೆ ನಮ್ಮ ನಾಡಿನ ಎರಡು ತುದಿಗಳಲ್ಲಿ ಎರಡು ಅರ್ಥ ಎಂದು, ಒಂದಕ್ಷರದ ಹೆಸರನ್ನು ಅವರ ಖಾನೆ ಒಪ್ಪುವುದಿಲ್ಲ ಎಂದು. ಆತ ಕೇಳಿಸಿಕೊಂಡು ಮೆಲ್ಲನೆ ಹೇಳಿದ. “ಅಂದರೆ ಈ ದಾಖಲೆಯಲ್ಲಿರುವುದು ಸುಳ್ಳು ಮಾಹಿತಿ. ನಿಯಮದ ಪ್ರಕಾರ ನಾವು ಮುಂದುವರಿಯುವ ಹಾಗಿಲ್ಲ.” ಮೇಡಂ ಕನ್ನಡಕವನ್ನು ತಲೆಯ ಮೇಲೆ ಪತ್ತೆಹಚ್ಚಿ ಹಾಕಿಕೊಂಡರು. ಒಂದು ಖಾಲಿ ಹಾಳೆ ನನ್ನ ಕಡೆ ಸರಿಸಿ, “ಇದನ್ನೇ ಬಗ್ ರಿಪೋರ್ಟ್ ಮಾಡಿ ಬರೆಯಿರಿ. ಏನಾಗಬೇಕಿತ್ತು, ಏನಾಯಿತು, ಯಾಕಾಯಿತು. ನಾವು ಚಹಾ ಕುಡಿದು ಬರುತ್ತೇವೆ” ಎಂದು ಎದ್ದರು.

ನಾನು ಬರೆದೆ. ಆರು ವರ್ಷದಿಂದ ಬೇರೆಯವರ ತಪ್ಪುಗಳನ್ನು ಬರೆದ ಕೈ. ಆದರೆ ಇದನ್ನು ಬರೆಯುವಾಗ ಮೊದಲ ಸಾಲಿನಲ್ಲೇ ಕೈ ತಡೆಯಿತು. ಎರಡಕ್ಷರ ಬೇಕೆನ್ನುವ ಖಾನೆ ತಪ್ಪು, ಹಾಕಿದ ಹೆಸರನ್ನು ತಿದ್ದಲು ಬಿಡದಿರುವುದು ತಪ್ಪು, ಅವೆಲ್ಲ ಆಮೇಲೆ. ಮೊದಲು ತಪ್ಪಿದ್ದು ನಾನು. ಪ್ರಶ್ನೆ ಏನೆಂದು ಕೇಳಿ ತಿಳಿಯದೆ, ತಿಳಿಯಿತು ಎಂದುಕೊಂಡು ಉತ್ತರ ಕೊಟ್ಟಿದ್ದೆ. ಕಸುಬಿನಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಅದನ್ನೇ ಒಂದನೇ ಸಂಖ್ಯೆ ಹಾಕಿ ಬರೆದೆ. ಉಳಿದವನ್ನು ಕೆಳಗೆ ಬರೆದೆ. ಹಾಳೆ ಸಾಲದೆ ಹಿಂದಿನ ಪುಟಕ್ಕೂ ಹೋಯಿತು. ಮೇಡಂ ಬಂದು ನಿಂತುಕೊಂಡೇ ಓದಿದರು. ಒಂದನೇ ಸಂಖ್ಯೆಯನ್ನು ಎರಡು ಸಲ ಓದಿದರು. ಮತ್ತೇನೂ ಕೇಳದೆ, ತಿಳಿಸುತ್ತೇವೆ ಎಂದು ಕಳಿಸಿದರು.

ತಿಳಿಸಲಿಲ್ಲ. ಒಂದು ವಾರವಾಯಿತು, ಎರಡಾಯಿತು. ನಮ್ಮ ಓಣಿಯ ಮಕ್ಕಳು ಅಲ್ಲಿಯ ಪದ್ಧತಿಯಂತೆ ಹಬ್ಬಕ್ಕೆ ಮಣ್ಣಿನ ಕೋಟೆ ಕಟ್ಟತೊಡಗಿದವು. ಬಾಲ್ಕನಿಗಳಲ್ಲಿ ಆಕಾಶಬುಟ್ಟಿಗಳು ತೂಗಿದವು. ನಾನು ಊರಿನ ಬಸ್ಸಿಗೆ ಟಿಕೆಟ್ ಮಾಡಿಸಿದೆ. ಕುಕ್ಕರನ್ನು ರೊಟ್ಟಿಯಕ್ಕನಿಗೆ ಕೊಡಲು ಹೋದರೆ ಅವರು ಅದನ್ನು ಮುಟ್ಟಲಿಲ್ಲ. “ನಾ ಹೇಳಿದ್ದೆ, ಗಪ್ಪ ಇರು ಅಂತ. ಇದ್ದೀ ಏನು ನೀ? ನಿನ್ನ ಬಾಯಿ ನಿನಗಽ ವೈರಿ” ಎಂದು ಬೈದು, ದಾರಿಗೆ ಇಪ್ಪತ್ತು ಗರಿಗರಿ ಕಟಕ್ ರೊಟ್ಟಿ, ಒಂದು ಡಬ್ಬಿ ಸೇಂಗಾ ಚಟ್ನಿ ಕಟ್ಟಿಕೊಟ್ಟರು. ಆ ರೊಟ್ಟಿಗಳಲ್ಲಿ ಒಂದೂ ದಪ್ಪ ಇರಲಿಲ್ಲ. ನನಗೆ ಅಲ್ಲಿಯೇ ಅಳು ಬಂತು. ಅವರೂ ಸೆರಗಿನಿಂದ ಮೂಗೊರೆಸಿಕೊಂಡರು.

ಬಸ್ಸು ಹತ್ತಬೇಕಾದ ದಿನ ಬೆಳಿಗ್ಗೆ ಮೇಡಂ ಅವರೇ ಫೋನ್ ಮಾಡಿದರು. ನನ್ನನ್ನು ಆರಿಸಿಕೊಂಡು ಎರಡು ವಾರವಾಗಿತ್ತಂತೆ. ಎಚ್‌ಆರ್‌ನವರು ಯಾವ ಹೆಸರಿಗೆ ಪತ್ರ ಕಳಿಸುವುದು ಎಂದು ತಿಳಿಯದೆ ಕುಳಿತಿದ್ದರಂತೆ. “ಕೆಲಸ ನಿಮ್ಮದೇ. ಆದರೆ ನೀವು ಮತ್ತು ತಕ್ರಾರ್ ಇಬ್ಬರೂ ಒಬ್ಬರೇ ಎಂದು ನಿಮ್ಮದೊಂದು, ತಂದೆಯವರದೊಂದು ಅಫಿಡವಿಟ್ ಬೇಕಂತೆ. ಇಂಗ್ಲಿಷ್ ಅನುವಾದದ ಸಮೇತ. ಅದು ಬರುವವರೆಗೆ ಏನೂ ಪಕ್ಕಾ ಅಲ್ಲ” ಎಂದರು. ನಾನು ಬಸ್ಸಿನ ಟಿಕೆಟ್ ರದ್ದು ಮಾಡಿ ಅಪ್ಪನಿಗೆ ಫೋನ್ ಮಾಡಿದೆ.

ಅಪ್ಪನಿಗೆ ಹಬ್ಬವೇ ಬಂದಂತಾಯಿತು. ಮೂವತ್ತು ವರ್ಷದಿಂದ ಬೇರೆಯವರ ಹೆಸರುಗಳನ್ನು ನೇರ್ಪಡಿಸಿದವರಿಗೆ ಮೊದಲ ಸಲ ಸ್ವಂತ ಕೇಸು ಸಿಕ್ಕಿತ್ತು. ವಕೀಲರು ಬರೆದ ಕರಡನ್ನು ಒಪ್ಪದೆ ತಾವೇ ಬರೆದು, ಟೈಪು ಮಾಡಿಸಿ, ನೋಟರಿಯ ಮುಂದೆ ಸಹಿ ಹಾಕಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರು. ಹಬ್ಬ ಮುಗಿದ ಮೂರನೆಯ ದಿನ ಅದು ಯೆರವಡಾದ ನನ್ನ ಕೋಣೆಗೆ ಬಂತು. ನಾನು ಅನುವಾದಕ್ಕೆ ಕುಳಿತೆ.

ಪತ್ರ ಅಪ್ಪನ ಹಾಗೇ ಇತ್ತು. ಮೇಲ್ಕಂಡ, ಸದರಿ, ತರುವಾಯ, ಉರುಫ್. ಸದರಿ ಹೆಸರಿನವಳೂ ತಕರಾರು ಎಂಬವಳೂ ಬೇರೆ ಬೇರೆಯಲ್ಲ, ಒಬ್ಬಳೇ. ಒಂದು ದೀರ್ಘ ತಪ್ಪಿರಲಿಲ್ಲ, ಒಂದು ಒತ್ತಕ್ಷರ ತಪ್ಪಿರಲಿಲ್ಲ. ಕೊನೆಯ ಕಲಮಿಗೆ ಬಂದೆ. “ಸದರಿ ತಕರಾರು ಎಂಬ ಹೆಸರನ್ನು ತಂದೆಯಾದ ನಾನೇ ಪ್ರೀತಿಯಿಂದ ಇಟ್ಟಿದ್ದು ನಿಜವಿರುತ್ತದೆ.”

ನನ್ನ ಕಣ್ಣು ಆ ಒಂದು ಪದದ ಮೇಲೆ ನಿಂತಿತು. ಅಫಿಡವಿಟ್ಟಿನಲ್ಲಿ ಆ ಪದಕ್ಕೆ ಜಾಗವಿಲ್ಲ. ಅದು ಸಾಬೀತು ಮಾಡುವಂಥದ್ದಲ್ಲ, ಯಾರೂ ಕೇಳಿದ್ದೂ ಅಲ್ಲ. ಅಪ್ಪನಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಬೇರೆ ಯಾರಾದರೂ ಇಂಥದ್ದನ್ನು ಬರೆದುಕೊಂಡು ಅವರ ಮೇಜಿಗೆ ಬಂದಿದ್ದರೆ ಕೆಂಪು ಶಾಯಿಯಲ್ಲಿ ಗೀಟು ಹಾಕಿ ವಾಪಸ್ ಕಳಿಸುತ್ತಿದ್ದರು. ಇಷ್ಟು ವರ್ಷದಲ್ಲಿ ಆ ಮಾತನ್ನು ನನ್ನ ಮುಂದೆ ಅವರು ಬಾಯಿಬಿಟ್ಟು ಆಡಿದವರೂ ಅಲ್ಲ.

ಪೆನ್ನು ಎತ್ತಿಕೊಂಡೆ. ಇಟ್ಟೆ. ಆ ಪದವನ್ನೂ ಸೇರಿಸಿ ಅನುವಾದ ಮಾಡಿ, ನನ್ನ ಅಫಿಡವಿಟ್ಟಿನ ಜೊತೆಗೆ ಕಳಿಸಿಕೊಟ್ಟೆ. ನಾಲ್ಕನೆಯ ದಿನ ಕೆಲಸಕ್ಕೆ ಸೇರಿಕೊಳ್ಳಿ ಎಂದು ಪತ್ರ ಬಂತು. ಯಾರೂ ತಕರಾರು ಮಾಡಿರಲಿಲ್ಲ.